ಕಂಬದ ಕೊಂಡಿ

ನಮ್ಮ ಊರಿನಲ್ಲಿ ಮೈದಾ ಅಂಟನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಮದುವೆಯ ಬಳೆಯನ್ನು ಸಾಸಿವೆ ಡಬ್ಬಿಯಲ್ಲಿಟ್ಟು ಮರೆತುಬಿಡುವ ಹೆಂಗಸರೂ ಅಂಟಿನ ಬಟ್ಟಲಿನ ವಿಷಯದಲ್ಲಿ ಮೈಮರೆಯುವುದಿಲ್ಲ. ಇಲ್ಲಿ ಐದು ವರ್ಷ ತುಂಬದ ಮಗು ಏನನ್ನು ಎಲ್ಲಿ ಅಂಟಿಸಿದರೂ ಅದನ್ನು ಬಿಡಿಸಲು ಆ ಮಗುವಿಗೆ ಮಾತ್ರ ಸಾಧ್ಯ. ಬೇರೆ ಯಾರು ಎಳೆದರೂ ಬರುವುದಿಲ್ಲ, ಹರಿಯುವುದಿಲ್ಲ, ಮಳೆಗೆ ನೆನೆಯುವುದೂ ಇಲ್ಲ. ಅದೇ ಮಗು ಬಂದು ಎರಡು ಬೆರಳಲ್ಲಿ ಹಿಡಿದರೆ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಬರುತ್ತದೆ. ಆದರೆ ಐದು ತುಂಬುವುದರೊಳಗೆ ಬಿಡಿಸಬೇಕು. ತುಂಬಿದ ಮೇಲೆ ಆ ಮಗುವಿನ ಕೈಗೂ ಬಗ್ಗುವುದಿಲ್ಲ, ಅಂಟಿದ್ದು ಅಂಟಿದ್ದೇ.

ಅದಕ್ಕೇ ನಮ್ಮಲ್ಲಿ ಮಗುವಿಗೆ ಐದು ತುಂಬಲು ವಾರವಿದೆ ಎನ್ನುವಾಗ ಅಪ್ಪ ಅಮ್ಮ ಅದರ ಕೈಹಿಡಿದು ಊರೆಲ್ಲ ಸುತ್ತಿಸುತ್ತಾರೆ. "ಇಲ್ಲೇನಾದ್ರೂ ಅಂಟ್ಸಿದ್ದೀಯಾ? ಅಲ್ಲಿ?" ಎಂದು ಗೋಡೆ, ಬಾಗಿಲು, ಎಮ್ಮೆಯ ಕೊಂಬು ಒಂದನ್ನೂ ಬಿಡದೆ ಕೇಳುತ್ತಾರೆ. ಎಷ್ಟು ಸುತ್ತಿದರೂ ಒಂದೆರಡು ಉಳಿದೇ ಉಳಿಯುತ್ತವೆ. ಅಂಚೆ ಕಚೇರಿಯ ಮುಂಬಾಗಿಲು ಹನ್ನೊಂದು ವರ್ಷದಿಂದ ತೆರೆದಿಲ್ಲ. ಅದರ ಎರಡು ಕದಗಳ ನಡುವೆ ಒಂದು ನೀಲಿ ಕಾಗದದ ಮೀನು ಕೂತಿದೆ. ಆ ಮೀನನ್ನು ಅಂಟಿಸಿದ ಹುಡುಗಿ ಈಗ ಪಿಯುಸಿ ಓದುತ್ತಿದ್ದಾಳೆ, ಕಿಟಕಿ ಒಡೆದು ಮಾಡಿದ ಪಕ್ಕದ ಬಾಗಿಲಿನಿಂದ ಎಲ್ಲರ ಹಾಗೆ ಅವಳೂ ಹೋಗಿಬರುತ್ತಾಳೆ. ನಿವೃತ್ತ ಗುಮಾಸ್ತ ಸದಾನಂದಪ್ಪನವರ ಬೋಳುತಲೆಯ ಮೇಲೆ ಮೊಮ್ಮಗ ಅಂಟಿಸಿದ ಕೆಂಪು ನಕ್ಷತ್ರವಿದೆ. ಮೊದಲೆರಡು ವರ್ಷ ಟೋಪಿ ಹಾಕಿಕೊಂಡು ಓಡಾಡಿದರು. ಈಗ ಸಂಜೆ ವಾಕಿಂಗಿಗೆ ಹೊರಡುವಾಗ ಅದಕ್ಕೊಂದಿಷ್ಟು ಎಣ್ಣೆ ಸವರಿ ಹೊಳಪು ಕೊಟ್ಟುಕೊಳ್ಳುತ್ತಾರೆ.

ಇಂಥ ಊರಿನ ಶಿಶುವಿಹಾರದಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಟೀಚರು. ಹೆಸರು ಅನಸೂಯ. ಜಂಬ ಕೊಚ್ಚಿಕೊಳ್ಳುತ್ತಾಳೆ ಎಂದುಕೊಂಡರೂ ಚಿಂತೆಯಿಲ್ಲ, ಮೂವತ್ತು ಮಕ್ಕಳ ಕೈಗೆ ಅಂಟು ಕೊಟ್ಟು, ಒಂದು ಗಂಟೆ ಕೆಲಸ ಮಾಡಿಸಿ, ಒಂದು ಬೆಂಚೂ ನೆಲಕ್ಕೆ ಅಂಟದಂತೆ ಮನೆಗೆ ಕಳಿಸುವ ಟೀಚರು ಈ ಸೀಮೆಯಲ್ಲಿ ನಾನೊಬ್ಬಳೇ. ನನ್ನ ಮೊದಲ ಪಾಠ ಅ ಆ ಇ ಈ ಅಲ್ಲ. "ಬೇರೆಯೋರು ಅಂಟ್ಸಿದ್ದನ್ನ ಮುಟ್ಬಾರ್ದು" ಎನ್ನುವುದು. ಬೆಳಿಗ್ಗೆ ಒಳಗೆ ಬಂದಾಗ ಒಂದು ಸಲ, ಮನೆಗೆ ಹೊರಡುವಾಗ ಒಂದು ಸಲ ಎಲ್ಲರೂ ಕೈಕಟ್ಟಿ ರಾಗವಾಗಿ ಹೇಳಬೇಕು. ಅಮ್ಮಂದಿರಿಗೂ ಅದೇ ಪಾಠ. ಮಗು ಮಾಡಿದ್ದಕ್ಕೆ ದೊಡ್ಡವರು ಕೈ ಹಾಕಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೋದ ವರ್ಷ ದರ್ಜಿ ಮನೆಯ ನಾಗವೇಣಿ ತನ್ನ ಮಗ ಮಾಡಿದ, ಇನ್ನೂ ಅಂಟು ಹಚ್ಚದ ಕಾಗದದ ಗಿಣಿಗೆ ಕತ್ತರಿ ಆಡಿಸಿ ಕೊಕ್ಕು ನೇರ ಮಾಡಿದ್ದಳು. ನಾನು ಕಂಡುಹಿಡಿದು, ಎಲ್ಲ ಅಮ್ಮಂದಿರ ಎದುರಿಗೇ ಗಿಣಿಯನ್ನು ಅವಳ ಕೈಗಿಟ್ಟು, "ನೀನೇ ನಮ್ಮ ಶಿಶುವಿಹಾರಕ್ಕೆ ಸೇರ್ಕೊಂಡ್ಬಿಡು ತಾಯಿ, ಮಧ್ಯಾಹ್ನ ಉಪ್ಪಿಟ್ಟೂ ಕೊಡ್ತೀವಿ" ಎಂದಿದ್ದೆ. ಎಲ್ಲರೂ ನಕ್ಕರು, ಅವಳು ಸೆರಗು ಸರಿಮಾಡಿಕೊಂಡು ಮಗನನ್ನು ಕರೆದುಕೊಂಡು ಹೋದಳು.

ನಮ್ಮ ಶಿಶುವಿಹಾರಕ್ಕೆ ಊರಿನಲ್ಲಿರುವ ಮರ್ಯಾದೆಯೆಲ್ಲ ಆಗಸ್ಟ್ ಹದಿನೈದರಿಂದ ಬಂದದ್ದು. ಬೇರೆ ಊರುಗಳಲ್ಲಿ ಪುಟ್ಟ ಮಕ್ಕಳು ಕಾಗದದ ಬಾವುಟ ಮಾಡಿ ಕಡ್ಡಿಗೆ ಸಿಕ್ಕಿಸಿಕೊಂಡು ಬರುತ್ತಾರಂತೆ, ಅಂಗೈಗೆ ಬಣ್ಣ ಬಳಿದುಕೊಂಡು ಹಾಳೆಗೆ ಒತ್ತುತ್ತಾರಂತೆ. ನಮ್ಮ ಮಕ್ಕಳು ಸರಪಳಿ ಮಾಡುತ್ತಾರೆ. ಕೇಸರಿ, ಬಿಳಿ, ಹಸಿರು ಕಾಗದದ ಪಟ್ಟಿಗಳು, ಒಂದು ಮಗುವಿಗೆ ಒಂದು. ಪಟ್ಟಿಯ ಎರಡು ತುದಿ ಸೇರಿಸಿ ಅಂಟಿಸಿದರೆ ಒಂದು ಕೊಂಡಿ, ಅದರೊಳಗೆ ತೂರಿಸಿ ಇನ್ನೊಂದು, ಅದರೊಳಗೆ ಮತ್ತೊಂದು. ಹದಿನಾಲ್ಕರ ಮಧ್ಯಾಹ್ನ ಪುರಸಭೆಯ ಬಯಲಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ಬಾವುಟದ ಕಂಬದಿಂದ ಗೇಟಿನ ಕಲ್ಲುಕಂಬದವರೆಗೆ ಈ ಸರಪಳಿಯನ್ನು ಅಲ್ಲೇ ಕೂತು ಅಂಟಿಸುತ್ತೇವೆ. ಮೊದಲ ಕೊಂಡಿ ಬಾವುಟದ ಕಂಬವನ್ನೂ, ಬಾವುಟ ಏರಿಸುವ ಹಗ್ಗವನ್ನೂ ಒಟ್ಟಿಗೆ ಬಿಗಿದುಕೊಂಡಿರುತ್ತದೆ. ಅದನ್ನು ಕಂಬದ ಕೊಂಡಿ ಎನ್ನುತ್ತೇವೆ.

ಮಾರನೆಯ ದಿನ ಒಂಬತ್ತು ಗಂಟೆಗೆ ಊರಿಗೆ ಊರೇ ಬಯಲಿನಲ್ಲಿ ಸೇರುತ್ತದೆ. ಹಮಾಲರ ಸಂಘದ ಹನ್ನೆರಡು ಜನ ಗಟ್ಟಿಗರು ತೋಳು ಮಡಿಸಿಕೊಂಡು ಬಂದು ಸರಪಳಿಯ ನಡುವನ್ನು ಹಿಡಿದು ಐಸಾ ಎಂದು ಎಳೆಯುತ್ತಾರೆ. ದಿನಕ್ಕೆ ನೂರು ಮೂಟೆ ಹೊರುವವರು ಕಾಗದದ ಸರಪಳಿಗೆ ಸೋತು ಬೆವರು ಒರೆಸಿಕೊಂಡು ಹಿಂದೆ ಸರಿಯುತ್ತಾರೆ. ಆಗ ನಮ್ಮ ಮಕ್ಕಳು ಸಾಲಾಗಿ ಬಂದು, ಗೇಟಿನ ಕಡೆಯಿಂದ ಶುರುಮಾಡಿ, ತಮ್ಮ ತಮ್ಮ ಕೊಂಡಿಯನ್ನು ಎರಡು ಬೆರಳಲ್ಲಿ ಬಿಡಿಸುತ್ತಾ ಹೋಗುತ್ತಾರೆ. ಕಟ್ಟಕಡೆಗೆ ಕಂಬದ ಕೊಂಡಿ ಬಿಟ್ಟ ಕೂಡಲೇ ಹಗ್ಗ ಸಡಿಲಗೊಂಡು ಬಾವುಟ ಏರುತ್ತದೆ. ಸ್ವಾತಂತ್ರ್ಯದ ಬಗ್ಗೆ ಎಷ್ಟೋ ಭಾಷಣ ಕೇಳಿದ್ದೇನೆ, ಇದರಷ್ಟು ನೇರವಾಗಿ ಯಾವುದೂ ನನ್ನ ಎದೆಗೆ ತಾಗಿಲ್ಲ.

ಕಂಬದ ಕೊಂಡಿಯನ್ನು ಯಾರಿಗೆ ಕೊಡಬೇಕು ಎನ್ನುವುದು ನನ್ನ ತೀರ್ಮಾನ. ಸಾಮಾನ್ಯವಾಗಿ ಎಲ್ಲರಿಗಿಂತ ದೊಡ್ಡ ಮಗುವಿಗೆ. ಈ ಸಲ ಅದು ಹೊನ್ನಿ, ಬಸ್‌ಸ್ಟಾಂಡಿನ ಎದುರು ಇಡ್ಲಿ ಗಾಡಿ ಇಟ್ಟಿರುವ ಸಣ್ಣಮ್ಮನ ಮಗಳು. ಅವಳಿಗೆ ಐದು ತುಂಬುವುದು ಹದಿನೈದನೆಯ ತಾರೀಖೇ, ಬೆಳಿಗ್ಗೆ ಹತ್ತೂಕಾಲು ಗಂಟೆಗೆ. ನಮ್ಮ ಊರಿನ ತಾಯಂದಿರು ಹೆರಿಗೆ ನೋವಿನಲ್ಲೂ ಗಡಿಯಾರ ನೋಡಿಕೊಂಡಿರುತ್ತಾರೆ.

"ಬೇರೆ ಮಗೂಗೆ ಕೊಡಿ ಟೀಚರ್, ಹೆಚ್ಚುಕಮ್ಮಿ ಆದ್ರೆ ಏನ್ ಗತಿ?" ಎಂದು ನಮ್ಮ ಸಹಾಯಕಿ ಬೋರಮ್ಮ ಹೇಳಿದಳು.

"ಒಂಬತ್ತೂವರೆಗೆ ಬಿಡ್ಸೋ ಕೊಂಡಿಗೆ ಹತ್ತೂಕಾಲಿನ ಚಿಂತೆ ಯಾಕೆ ಬೋರಮ್ಮ? ಹತ್ತೊಂಬತ್ತು ವರ್ಷದಲ್ಲಿ ಒಂದ್ಸಲನಾದ್ರೂ ತಡ ಆಗಿದ್ಯಾ?" ಎಂದು ಅವಳ ಬಾಯಿ ಮುಚ್ಚಿಸಿದೆ.

ಹೊನ್ನಿ ಮಾತು ಕಡಿಮೆಯ ಹುಡುಗಿ. ಒಮ್ಮೆ ಒಪ್ಪಿಕೊಂಡದ್ದನ್ನು ಚಾಚೂ ತಪ್ಪದೆ ಮಾಡುತ್ತಾಳೆ, ಒಪ್ಪದ್ದನ್ನು ನಾವು ಎಷ್ಟು ಬಾಯಿ ಬಡಿದುಕೊಂಡರೂ ಮಾಡುವುದಿಲ್ಲ. ಹದಿನಾಲ್ಕರ ಮಧ್ಯಾಹ್ನ ಅವಳ ಮುಂದೆ ಒಂದು ಅಗಲವಾದ ಕೇಸರಿ ಪಟ್ಟಿ ಇಟ್ಟೆ. ತಲೆ ಅಲ್ಲಾಡಿಸಿದಳು. ಬಿಳಿಯದು ಕೊಟ್ಟೆ, ಅದೂ ಬೇಡ. ಪುಸ್ತಕಕ್ಕೆ ಹೊದಿಸುವ ಕಂದು ಕಾಗದದ ತುಂಡೊಂದನ್ನು ಎಲ್ಲಿಂದಲೋ ಹೆಕ್ಕಿಕೊಂಡು ಬಂದು, "ಇದು" ಎಂದಳು.

"ಬಾವುಟಕ್ಕೆ ಕಂದು ಬಣ್ಣ ಎಲ್ಲಿದ್ಯೇ ಪುಟ್ಟ?"

"ಅವುಗಳ್ ಮೇಲೆ ಕೋಳಿ ಕಾಣಲ್ಲ."

ಕಾಣುವುದಿಲ್ಲ ಎನ್ನುವುದು ನಿಜ. ಅವಳ ಕೈಯಲ್ಲಿದ್ದದ್ದು ಒಂದೇ ಒಂದು ತಿಳಿಹಳದಿ ಬಣ್ಣದ ಕ್ರೇಯಾನ್ ತುಂಡು. ನಾಲಿಗೆಯ ತುದಿ ಕಚ್ಚಿಕೊಂಡು, ನೆಲಕ್ಕೆ ಮೂಗು ತಾಗುವಷ್ಟು ಬಗ್ಗಿ, ಕಂದು ಕಾಗದದ ಮೇಲೆ ಮೂರು ಕಾಲಿನ ಕೋಳಿಯೊಂದನ್ನು ಬರೆದಳು. ಮೂರನೆಯ ಕಾಲು ಬಾಲವಿರಬಹುದು, ನಾನು ಕೇಳಲಿಲ್ಲ. ಆಮೇಲೆ ಕಂಬವನ್ನೂ ಹಗ್ಗವನ್ನೂ ಸುತ್ತಿ ಅಂಟಿಸಿದಳು. ಒಂದು ತುದಿ ಮೇಲೆ ಹೋಯಿತು, ಇನ್ನೊಂದು ಕೆಳಗೆ ಇಳಿಯಿತು. ಸಂದಿಯಿಂದ ಅಂಟು ಮೂಗಿನ ಸಿಂಬಳದ ಹಾಗೆ ಸೋರುತ್ತಿತ್ತು. ಹೊನ್ನಿ ಎರಡು ಹೆಜ್ಜೆ ಹಿಂದೆ ಹೋಗಿ ನೋಡಿ, ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಆಯಿತು ಎನ್ನುವಂತೆ ನನ್ನ ಕಡೆ ತಿರುಗಿದಳು. ಅವಳ ಕೊಂಡಿಯೊಳಗೆ ಎರಡನೆಯ ಮಗು ತನ್ನದನ್ನು ತೂರಿಸಿತು, ಸರಪಳಿ ಗೇಟಿನ ಕಡೆಗೆ ಬೆಳೆಯುತ್ತಾ ಹೋಯಿತು.

ಮಕ್ಕಳು ಮನೆಗೆ ಹೋದ ಮೇಲೆ ನಾಲ್ಕೂವರೆಯ ಹೊತ್ತಿಗೆ ಜಿಲ್ಲಾ ಕಚೇರಿಯಿಂದ ಫೋನು ಬಂತು. ನಾಳೆ ಫೋಟೊ ತೆಗೆಯುವವನೊಬ್ಬ ಬರುತ್ತಾನೆ, ಮುಂದಿನ ವರ್ಷದ ಕ್ಯಾಲೆಂಡರಿನ ಆಗಸ್ಟ್ ಪುಟಕ್ಕೆ ನಿಮ್ಮ ಕಂಬದ ಕೊಂಡಿಯ ಚಿತ್ರವೇ ಬೇಕಂತೆ, ಹತ್ತಿರದಿಂದ ತೆಗೆಯುತ್ತಾನಂತೆ ಎಂದರು. ಯಾವ ಭೂಪಟದಲ್ಲೂ ನಮ್ಮ ಊರಿಲ್ಲ. ಕ್ಯಾಲೆಂಡರಿನಲ್ಲಾದರೂ ಬರುತ್ತದಲ್ಲ ಎಂದು ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಓಡಿಹೋಗಿ ಕಂಬದ ಮುಂದೆ ನಿಂತೆ. ಸೊಟ್ಟ ಕೊಂಡಿ, ಕಂದು ಕಾಗದ, ಮೂರು ಕಾಲಿನ ಕೋಳಿ. ಇಡೀ ಜಿಲ್ಲೆಯ ಗೋಡೆಗಳ ಮೇಲೆ ಒಂದು ತಿಂಗಳು ಈ ಕೋಳಿ ನೇತಾಡುವುದನ್ನು ನೆನೆಸಿಕೊಂಡೆ. ಹತ್ತೊಂಬತ್ತು ವರ್ಷ ದುಡಿದ ಅನಸೂಯ ಟೀಚರ್ ಕೈಕೆಳಗೆ ಮಕ್ಕಳು ಕಲಿತದ್ದು ಇಷ್ಟೇನಾ ಎಂದು ಯಾರೋ ಕೇಳಿದಂತಾಯಿತು.

ಬಿಡಿಸಲು ನನ್ನಿಂದಾಗದು. ಮುಚ್ಚಲು ಆಗುತ್ತದಲ್ಲ! ಗಣೇಶನ ಕಿರೀಟಕ್ಕೆಂದು ತಂದು ಉಳಿದಿದ್ದ ಚಿನ್ನದ ಬಣ್ಣದ ಕಾಗದ ಬೀರುವಿನಲ್ಲಿತ್ತು. ಅಳತೆ ತೆಗೆದು, ಅಂಚು ಮಡಿಸಿ, ಕೊಂಡಿಯ ಒಳಗೂ ಹೊರಗೂ ಒಂದು ಎಳೆ ಕಂದು ಕಾಣದಂತೆ ಸುತ್ತಿ, ಅಂಗಡಿಯ ಗೋಂದು ಹಚ್ಚಿ ಒತ್ತಿದೆ. ಬೋರಮ್ಮ ಬಕೆಟ್ ಹಿಡಿದುಕೊಂಡು ನಿಂತು ನೋಡುತ್ತಿದ್ದಳು.

"ಬೇಡ ಟೀಚರ್" ಎಂದಳು.

"ನಾನೇನು ಅವ್ಳು ಮಾಡಿದ್ದನ್ನ ಕೆಡಿಸ್ತಿದ್ದೀನಾ? ಅದು ಒಳಗೆ ಹಾಗೇ ಇದೆ. ಬಿಡ್ಸೋವಾಗ ಮೇಲಿನ ಕಾಗದ ತಾನೇ ಹರಿದುಹೋಗತ್ತೆ. ನೋಡು, ಹೆಂಗೆ ಹೊಳೀತಿದೆ!"

ನಿಜವಾಗಿಯೂ ಹೊಳೆಯುತ್ತಿತ್ತು. ಸಂಜೆ ಬಿಸಿಲಿಗೆ ದೇವರ ಬಳೆಯಂತೆ ಕಾಣುತ್ತಿತ್ತು. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು ಎನ್ನುವುದನ್ನೂ ಮುಚ್ಚಿಡುವುದಿಲ್ಲ.

ಮಾರನೆಯ ಬೆಳಿಗ್ಗೆ ಎಲ್ಲ ಹೇಳಿ ಮಾಡಿಸಿದ ಹಾಗೆ ನಡೆಯಿತು. ಪುರಸಭೆ ಅಧ್ಯಕ್ಷ ತಿಪ್ಪೇರುದ್ರಪ್ಪನವರು ಇಸ್ತ್ರಿ ಮುರಿಯದ ಬಿಳಿ ಜುಬ್ಬಾದಲ್ಲಿ ಬಂದು, ಬಾವುಟವನ್ನು ಹಗ್ಗಕ್ಕೆ ಕಟ್ಟಿ, ನೆಲಕ್ಕೆ ತಾಗದಂತೆ ಎರಡು ಕೈಯಲ್ಲೂ ಹಿಡಿದು ನಿಂತರು. ಹಮಾಲರು ಎಳೆದರು, ಸೋತರು, ಜನ ಚಪ್ಪಾಳೆ ತಟ್ಟಿದರು. ಮಕ್ಕಳು ಒಬ್ಬೊಬ್ಬರಾಗಿ ಬಿಡಿಸುತ್ತಾ ಬಂದರು. ಒಬ್ಬ ತನ್ನ ಕೊಂಡಿ ಬಿಡಿಸಿ ಬಾಯಿಗೆ ಹಾಕಿಕೊಂಡ, ಇನ್ನೊಬ್ಬಳು ತಲೆಗೆ ಮುಡಿದುಕೊಂಡಳು. ಒಂಬತ್ತೂವರೆಗೆ ಇಪ್ಪತ್ತೊಂಬತ್ತು ಕೊಂಡಿ ಬಿಟ್ಟಿದ್ದವು. ಉಳಿದದ್ದು ಕಂಬದ್ದು ಮಾತ್ರ. ಫೋಟೊದವನು ಮಂಡಿಯೂರಿ ಕ್ಯಾಮೆರಾ ಕಣ್ಣಿಗಿಟ್ಟುಕೊಂಡ. ಹೊನ್ನಿ ಹೊಸ ಹಳದಿ ಲಂಗ ಎತ್ತಿಹಿಡಿದುಕೊಂಡು ಕಂಬದ ಮುಂದೆ ಬಂದು ನಿಂತಳು. ನೋಡಿದಳು. ಕಂಬವನ್ನು ಒಂದು ಸುತ್ತು ಸುತ್ತಿ ಹಿಂದಿನಿಂದಲೂ ನೋಡಿದಳು. ಆಮೇಲೆ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು.

"ಬಿಡ್ಸು ಪುಟ್ಟ" ಎಂದೆ.

"ಇದು ನಂದಲ್ಲ."

ಮೈಕು ಹತ್ತಿರದಲ್ಲೇ ಇತ್ತು. ಆ ಮಾತು ಬಯಲಿಗೆಲ್ಲ ಕೇಳಿಸಿತು. ನಾನು ಬಗ್ಗಿ ಅವಳ ಕಿವಿಯಲ್ಲಿ, "ನಿಂದೇ ಕಣೆ, ಒಳಗಿದೆ, ಕೈ ಹಾಕು" ಎಂದೆ.

"ನಂದು ಸೊಟ್ಟ ಇತ್ತು. ಕೋಳಿ ಇತ್ತು. ಇದು ಬೇರೆಯೋರದು" ಎಂದಳು. ಆಮೇಲೆ ದಿನಾ ಎರಡು ಹೊತ್ತು ನಾನೇ ಹೇಳಿಕೊಟ್ಟ ಅದೇ ರಾಗದಲ್ಲಿ, "ಬೇರೆಯೋರು ಅಂಟ್ಸಿದ್ದನ್ನ ಮುಟ್ಬಾರ್ದು" ಎಂದಳು.

ಆ ಕ್ಷಣದಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಬಾಯಿ ತೆರೆದೆ, ಎದುರಿನ ಸಾಲಿನಲ್ಲಿ ನಾಗವೇಣಿ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು, ಮುಚ್ಚಿಕೊಂಡೆ.

ಅಲ್ಲಿಂದ ಶುರುವಾಯಿತು. ಅಧ್ಯಕ್ಷರು ಬಾವುಟ ಹಿಡಿದ ಕೈ ಅಲುಗಿಸುವಂತಿಲ್ಲ, ಮೂಗಿನ ತುದಿಯ ಬೆವರು ಒರೆಸಿಕೊಳ್ಳುವಂತಿಲ್ಲ. "ಏನ್ ಟೀಚರಮ್ಮ ಇದು? ಅವಳದಲ್ಲ ಅಂದ್ರೆ ಯಾರದು? ಹುಡುಕ್ರೀ!" ಎಂದರು. ಇಪ್ಪತ್ತೊಂಬತ್ತು ಮಕ್ಕಳನ್ನೂ ಕೇಳಿದ್ದಾಯಿತು. ತಂತಮ್ಮ ಕೊಂಡಿಗಳನ್ನು ಎತ್ತಿ ತೋರಿಸಿದರು, ಬಾಯಿಗೆ ಹಾಕಿಕೊಂಡವನು ಉಗಿದು ತೋರಿಸಿದ. ಹಮಾಲರ ಸಂಘದವರು ಇನ್ನೊಂದು ಕೈ ನೋಡುತ್ತೇವೆ ಎಂದು ಮುಂದೆ ಬಂದರು. ಸದಾನಂದಪ್ಪನವರು ತಲೆಯ ನಕ್ಷತ್ರ ಮುಟ್ಟಿಕೊಂಡು, "ನನಗಾದದ್ದು ಬೋಳುತಲೆ, ಹೋಗ್ಲಿ. ಇದು ಬಾವುಟದ ಕಂಬ ಕಣ್ರಪ್ಪ" ಎಂದರು. ಗಡಿಯಾರ ಒಂಬತ್ತೂ ಐವತ್ತು ತೋರಿಸುತ್ತಿತ್ತು.

ಎಲ್ಲರಿಗೂ ಲೆಕ್ಕ ಗೊತ್ತಿತ್ತು. ಹತ್ತೂಕಾಲು ದಾಟಿದರೆ ಈ ಹಗ್ಗ ಈ ಕಂಬಕ್ಕೆ ಕೊನೆತನಕ ಬಿಗಿದುಕೊಂಡಂತೆ. ಬೇರೆ ಕಂಬ ನೆಡಬಹುದು, ಬೇರೆ ಹಗ್ಗ ತರಬಹುದು. ಆದರೆ ಈ ಕಂಬ ಇಲ್ಲೇ ನಿಂತಿರುತ್ತದೆ, ಅಂಚೆ ಕಚೇರಿಯ ಬಾಗಿಲಿನಂತೆ. ಹೊನ್ನಿ ದೊಡ್ಡವಳಾಗಿ, ಮದುವೆಯಾಗಿ, ಮಕ್ಕಳನ್ನು ಕರೆದುಕೊಂಡು ಇದೇ ದಾರಿಯಲ್ಲಿ ಹೋಗುವಾಗಲೂ ಜನ ಬೆರಳು ಮಾಡಿ, ಬಾವುಟ ಕಟ್ಟಿಹಾಕಿದವಳು ಇವಳೇ ಎನ್ನುತ್ತಾರೆ.

ಸಣ್ಣಮ್ಮ ಜನರನ್ನು ಸರಿಸಿಕೊಂಡು ಬಂದಳು. ಅವಳ ಮುಖ ಅವಮಾನದಿಂದ ಕೆಂಪೇರಿತ್ತು. ಮಗಳ ರಟ್ಟೆ ಹಿಡಿದು, "ಊರೋರ ಮುಂದೆ ಸುಳ್ಳು ಹೇಳ್ತೀಯೇನೇ? ನಿನ್ನೆ ನೀನೇ ಅಂಟ್ಸಿದ್ದು ಅಂತ ಮನೇಲಿ ಕುಣೀತಿದ್ದೆ. ಬಿಡ್ಸು! ಬಿಡ್ಸೇ ಅಂದ್ರೆ!" ಎಂದಳು.

"ನಾನು ಅಂಟ್ಸಿದ್ದು ಇದಲ್ಲಮ್ಮ."

"ಮತ್ತೆ ಸುಳ್ಳು!"

"ಬೆರಳು ಹಿಡಿದು ಎಳೆಸಿ ಸಣ್ಣಮ್ಮ, ಟೈಮಾಗ್ತಿದೆ" ಎಂದು ಅಧ್ಯಕ್ಷರು ಕೂಗಿದರು.

ಸಣ್ಣಮ್ಮ ಕೈ ಎತ್ತಿದಳು. ಹೊನ್ನಿ ತಿರುಗಿ ನನ್ನನ್ನು ನೋಡಿದಳು. ಟೀಚರು ಹೇಳಿದಂತೆಯೇ ತಾನು ಮಾಡುತ್ತಿದ್ದೇನೆ, ಈಗ ಟೀಚರು ಬಂದು ಅಮ್ಮನಿಗೆ ಹೇಳುತ್ತಾರೆ ಎನ್ನುವ ಅಪಾರ ನಂಬಿಕೆಯಿಂದ ನೋಡಿದಳು. ನಾಚಿಕೆಯಿಂದ ನನಗೆ ಭೂಮಿಗಿಳಿದುಹೋಗೋಣ ಎನ್ನಿಸಿತು. ಆದರೆ ಒಂದು ಮಾತು ಹೇಳುತ್ತೇನೆ, ನಾನು ತಪ್ಪು ಮಾಡುವವಳೇ ಹೊರತು ತಪ್ಪಿನ ಹಿಂದೆ ಅವಿತು ಕೂರುವವಳಲ್ಲ. ಹೋಗಿ ಸಣ್ಣಮ್ಮನ ಎತ್ತಿದ ಕೈಯನ್ನು ಹಿಡಿದುಕೊಂಡೆ.

"ಅವಳ ಮೇಲೆ ಕೈ ಮಾಡ್ಬೇಡ. ಅವಳು ಸುಳ್ಳು ಹೇಳ್ತಿಲ್ಲ" ಎಂದೆ. ಮೈಕಿನ ಮುಂದೆ ಹೋಗಿ ನಿಂತೆ. ಮರೆಯಲ್ಲಿ ಹೇಳಿ ಮುಗಿಸುವ ಮಾತು ಅದಲ್ಲ, ಮಗುವನ್ನು ಎಲ್ಲರ ಎದುರಿಗೆ ಸುಳ್ಳುಗಾತಿ ಮಾಡಿದ ಮೇಲೆ.

"ಎಲ್ಲರೂ ಕೇಳಿ. ಹೊನ್ನಿ ಅಂಟ್ಸಿದ್ದು ಒಳಗಿದೆ. ಅದು ಸೊಟ್ಟ ಇತ್ತು, ಕಂದು ಕಾಗದ, ಮೇಲೆ ಕೋಳಿ ಬರೆದಿದ್ದಳು. ಕ್ಯಾಲೆಂಡರಿನಲ್ಲಿ ಚೆನ್ನಾಗಿ ಕಾಣ್ಲಿ ಅಂತ ನಿನ್ನೆ ಸಂಜೆ ನಾನು ಅದರ ಮೇಲೆ ಚಿನ್ನದ ಕಾಗದ ಸುತ್ತಿ ಅಂಟಿಸ್ದೆ. ಮುಟ್ಬಾರ್ದು ಅಂತ ಹೇಳ್ಕೊಟ್ಟವಳೂ ನಾನೇ, ಮುಟ್ಟಿದವಳೂ ನಾನೇ."

ಎದುರಿನ ಸಾಲಿನಿಂದ ನಾಗವೇಣಿಯ ದನಿ ಬಂತು.

"ಅಲ್ಲ ಟೀಚರ್, ನಾನು ಗಿಣಿ ಕೊಕ್ಕು ಮಾತ್ರ ಮುಟ್ಟಿದ್ದೆ. ನೀವು ಪೂರ್ತಿ ಕೋಳೀನೇ ನುಂಗಿಬಿಟ್ರಲ್ಲ!"

ಊರಿಗೆ ಊರೇ ನಕ್ಕಿತು. ಹಮಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು, ಬಾವುಟ ಹಿಡಿದ ಅಧ್ಯಕ್ಷರು ಕೈ ಅಲುಗದಂತೆ ಭುಜ ಮಾತ್ರ ಕುಲುಕಿಸಿದರು. ನಾನೂ ನಕ್ಕೆ, ನಗದೆ ಇನ್ನೇನು ಮಾಡಲಿ? "ಉಪ್ಪಿಟ್ಟು ನನ್ನ ಪಾಲಿನದು ನಿಂಗೇ ಕೊಡ್ತೀನಿ ನಾಗವೇಣಿ" ಎಂದೆ. ಅವಳು ಸೊಂಟದ ಮೇಲಿದ್ದ ಮಗನನ್ನು ಇಳಿಸಿ, "ಮೊದ್ಲು ಆ ಕೆಲಸ ಮುಗ್ಸಿ, ಹೊತ್ತಾಯ್ತು" ಎಂದಳು. ಆ ದನಿಯಲ್ಲಿ ಕೊಂಕು ಇರಲಿಲ್ಲ.

ಹತ್ತು ಗಂಟೆ ದಾಟಿ ಎರಡು ನಿಮಿಷ. ಕಂಬದ ಮುಂದೆ ಮಂಡಿಯೂರಿ ಕೂತು ಉಗುರಿನಿಂದ ಚಿನ್ನದ ಕಾಗದ ಕೆರೆಯತೊಡಗಿದೆ. ದೊಡ್ಡವರ ಅಂಟು ಬಿಡುತ್ತದೆ, ಆದರೆ ಸುಮ್ಮನೆ ಬಿಡುವುದಿಲ್ಲ. ನಾನೋ ನನ್ನ ಕೆಲಸವನ್ನು ಅರೆಬರೆ ಮಾಡಿದವಳೇ ಅಲ್ಲ, ಒಳಗೂ ಹೊರಗೂ ಮಡಿಕೆಯ ಮೇಲೆ ಮಡಿಕೆ ಹಾಕಿ ಒತ್ತಿದ್ದೆ. ಬೋರಮ್ಮ ನಿನ್ನೆಯ ಬಕೆಟ್ಟಿನಲ್ಲೇ ನೀರು ತಂದು ಒದ್ದೆ ಬಟ್ಟೆ ಕೊಟ್ಟಳು. ನಾನು ಬೇಡ ಅಂದಿರಲಿಲ್ಲವಾ ಎಂದು ಕೇಳಲಿಲ್ಲ, ಅದು ಅವಳ ದೊಡ್ಡತನ. ಒದ್ದೆ ಮಾಡಿ, ಉಜ್ಜಿ, ಚೂರು ಚೂರಾಗಿ ಕಿತ್ತೆ. ಚಿನ್ನದ ಪುಡಿ ನನ್ನ ಸೀರೆಗೆ, ಮೂಗಿಗೆ, ಬಳೆಗೆಲ್ಲ ಮೆತ್ತಿಕೊಂಡಿತು. ಮೊದಲು ಕಂದು ಅಂಚು ಕಂಡಿತು, ಆಮೇಲೆ ಕೋಳಿಯ ತಲೆ, ಆಮೇಲೆ ಕಾಲುಗಳು, ಮೂರೂ. ಇಷ್ಟು ನೀರಿಗೆ ಕ್ರೇಯಾನಿನ ಒಂದು ಗೆರೆಯೂ ಅಲುಗಿರಲಿಲ್ಲ.

ಹೊನ್ನಿ ಬೆನ್ನ ಹಿಂದೆ ಕಟ್ಟಿದ ಕೈ ಬಿಡದೆ, ಪಕ್ಕದಲ್ಲೇ ಬಗ್ಗಿ ನಿಂತು ಮೇಲ್ವಿಚಾರಣೆ ಮಾಡುತ್ತಿದ್ದಳು.

"ಆಯ್ತು ಪುಟ್ಟ" ಎಂದೆ.

"ಇಲ್ಲೊಂಚೂರಿದೆ."

ನಿಜ, ಸಂದಿಯಲ್ಲಿ ಸಾಸಿವೆ ಕಾಳಿನಷ್ಟು ಚಿನ್ನ ಉಳಿದಿತ್ತು. ಗಡಿಯಾರ ನೋಡಿದೆ, ಹತ್ತೂ ಎಂಟು. ಹಿಂದಿನಿಂದ ಅಧ್ಯಕ್ಷರು, "ಅಷ್ಟಿರ್ಲಿ ಬಿಡಮ್ಮ ತಾಯೀ!" ಎಂದು ನರಳಿದರು. ನಾನು ಅವರ ಮಾತು ಕೇಳಲಿಲ್ಲ. ಕಿವಿಯೋಲೆ ಬಿಚ್ಚಿ, ಅದರ ತಿರುಪಿನ ಮೊನೆಯಿಂದ ಆ ಚೂರನ್ನೂ ಎಬ್ಬಿಸಿ ತೆಗೆದೆ. ಎರಡು ಕೈಯನ್ನೂ ಮೇಲೆತ್ತಿ ತೋರಿಸಿದೆ.

"ಈಗ ನನ್ನದು ಏನೂ ಇಲ್ಲ. ನಿಂದಷ್ಟೇ ಇರೋದು. ತಪ್ಪಾಯ್ತು ಹೊನ್ನಿ, ನಿಂದನ್ನ ನಾನು ಮುಟ್ಬಾರ್ದಿತ್ತು" ಎಂದೆ.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಕ್ಷಮಿಸಬೇಕೋ ಬೇಡವೋ ಎಂದಲ್ಲ ಎಂದು ಕಾಣುತ್ತದೆ, ಇನ್ನೆಲ್ಲಾದರೂ ಚೂರು ಉಳಿದಿದೆಯೋ ಎಂದು. ಆಮೇಲೆ ಬೆನ್ನ ಹಿಂದಿನಿಂದ ಬಲಗೈ ಬಂತು. ಹೆಬ್ಬೆರಳು, ತೋರುಬೆರಳು. ಕೊಂಡಿಯ ಮೇಲಕ್ಕೆ ಹೋಗಿದ್ದ ತುದಿಯನ್ನು ಹಿಡಿದು ಎಳೆದಳು. ಸರ್ ಎಂದು ಬಿಟ್ಟಿತು.

ಹಗ್ಗ ಸಡಿಲವಾದ ರಭಸಕ್ಕೆ ಅಧ್ಯಕ್ಷರು ಒಂದು ಹೆಜ್ಜೆ ಮುಗ್ಗರಿಸಿದರು. ಹಗ್ಗ ಎಳೆಯುತ್ತಿದ್ದಂತೆ ಬಾವುಟ ಅವರ ಕೈಯಿಂದ ಎದ್ದು ಹೊನ್ನಿಯ ತಲೆಯನ್ನು ದಾಟಿ, ಪುರಸಭೆಯ ಹೆಂಚು ದಾಟಿ, ತುದಿಗೆ ಹೋಗಿ ಬಿಚ್ಚಿಕೊಂಡಿತು. ಎಲ್ಲರೂ ನೆಟ್ಟಗೆ ನಿಂತರು. ರಾಷ್ಟ್ರಗೀತೆ ಹಾಡುವಾಗ ನನ್ನ ದನಿ ಎರಡು ಕಡೆ ಒಡೆಯಿತು. ಮೂಗು ಒರೆಸಿಕೊಳ್ಳಲಿಲ್ಲ, ಹಾಗೇ ಹಾಡಿದೆ. ನನ್ನ ಪಕ್ಕದಲ್ಲಿ ಸಣ್ಣಮ್ಮ ಮಗಳ ತಲೆಯ ಮೇಲೆ ಕೈಯಿಟ್ಟುಕೊಂಡು ಹಾಡುತ್ತಿದ್ದಳು.

ಹಾಡು ಮುಗಿದ ಮೇಲೆ ಫೋಟೊದವನು ಹೊನ್ನಿಯನ್ನು ಕಂಬಕ್ಕೆ ಒರಗಿಸಿ ನಿಲ್ಲಿಸಿ, ಕೊಂಡಿಯನ್ನು ಎದೆಯ ಮುಂದೆ ಹಿಡಿದುಕೊಳ್ಳಲು ಹೇಳಿದ. ಒಂದು ತುದಿ ಮೇಲೆ, ಒಂದು ತುದಿ ಕೆಳಗೆ, ನಡುವೆ ಕೋಳಿ. ಅವನು ಕ್ಯಾಮೆರಾದಿಂದ ತಲೆಯೆತ್ತಿ, "ಮೇಡಂ, ಅದನ್ನ ಸ್ವಲ್ಪ ನೇರ ಮಾಡ್ತೀರಾ?" ಎಂದು ನನ್ನನ್ನು ಕೇಳಿದ. ನಾನು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡೆ.

ಹೊನ್ನಿ ಕೊಂಡಿಯನ್ನು ನೋಡಿಕೊಂಡಳು, ನನ್ನನ್ನು ನೋಡಿದಳು.

"ಸೊಟ್ಟ ಇದೆ ಅಲ್ವಾ ಟೀಚರ್?"

"ಹೂಂ ಪುಟ್ಟ. ಚೆನ್ನಾಗೇ ಸೊಟ್ಟ ಇದೆ."

ಅವಳು ಫೋಟೊದವನ ಕಡೆ ತಿರುಗಿ, ಕೊಂಡಿಯನ್ನು ಇನ್ನೂ ಸ್ವಲ್ಪ ಎತ್ತಿ ಹಿಡಿದು, "ನಾನೇ ಮಾಡಿದ್ದು" ಎಂದಳು.